ಹನ್ನೊಂದು ಪದದ ಒಂದು ವಚನ: ಹೀಬ್ರೂ ಜ್ಞಾನೋಕ್ತಿಯನ್ನು ಬಿಡಿಸಿ ಓದುವುದು ಹೇಗೆ

ಬೈಬಲ್ಲಿನ ಜ್ಞಾನೋಕ್ತಿಗಳು ಪುಸ್ತಕದ 22ನೇ ಅಧ್ಯಾಯ, 6ನೇ ವಚನ. ನೀವು ಕೇಳಿರುತ್ತೀರಿ. ನಡೆಯಬೇಕಾದ ದಾರಿಯಲ್ಲಿ ಮಗುವನ್ನು ಬೆಳೆಸು, ಮುಪ್ಪಾದರೂ ಅದು ಆ ದಾರಿ ಬಿಡುವುದಿಲ್ಲ ಅಂತ ಅದರ ಭಾವ. ಕೇಳಲು ಚೆಂದ. ಆದರೆ ಮಗ ಮನೆ ಬಿಟ್ಟು ಹೋಗಿ ನಾಲ್ಕು ವರ್ಷವಾಗಿದ್ದ ಒಬ್ಬ ತಾಯಿಯ ಎದುರು ಯಾರೋ ಈ ವಚನ ಹೇಳಿದಾಗ ನಾನು ಪಕ್ಕದಲ್ಲೇ ಕೂತಿದ್ದೆ. ಹೇಳಿದವರಿಗೆ ಸಮಾಧಾನ ಮಾಡುವ ಉದ್ದೇಶವೇ ಇತ್ತು. ಆ ತಾಯಿಗೆ ಕೇಳಿಸಿದ್ದೇ ಬೇರೆ: ನೀನು ಸರಿಯಾಗಿ ಬೆಳೆಸಲಿಲ್ಲ, ಅದಕ್ಕೇ ಹೀಗಾಯಿತು.

ಆವತ್ತು ಮನೆಗೆ ಬಂದು ಈ ವಚನವನ್ನು ಎಳೆ ಎಳೆಯಾಗಿ ಬಿಡಿಸಿ ನೋಡಿದೆ. ಹೇಗೆ ನೋಡಿದೆ ಅನ್ನುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ, ಬೇರೆ ವಚನಕ್ಕೂ ಇದೇ ದಾರಿ ನಡೆಯುತ್ತದೆ. ಹೀಬ್ರೂ ಬರಲೇಬೇಕು ಅಂತೇನಿಲ್ಲ. ನನಗೂ ಅಕ್ಷರ ಕೂಡಿಸಿ ಓದುವಷ್ಟೇ ಬರುತ್ತದೆ. ಒಂದು ಪೆನ್ಸಿಲ್, ಎರಡು ಮೂರು ಅನುವಾದ, ಪದದ ಕೆಳಗೆ ಪದದ ಅರ್ಥ ತೋರಿಸುವ ಒಂದು ಬೈಬಲ್ ಆ್ಯಪ್, ಅವಸರವಿಲ್ಲದ ಒಂದು ಸಂಜೆ. ಇಷ್ಟಿದ್ದರೆ ಸಾಕು.

ಮೊದಲು ಕೈಯಲ್ಲಿರುವುದು ಎಂಥ ಮಾತು ಅಂತ ಗುರುತಿಸಿಕೊಳ್ಳಿ. ಹೀಬ್ರೂ ಬೈಬಲ್ಲಿನಲ್ಲಿ ಜ್ಞಾನಸಾಹಿತ್ಯ ಅಂತ ಕರೆಯುವುದು ಮುಖ್ಯವಾಗಿ ಮೂರು ಪುಸ್ತಕಗಳನ್ನು: ಜ್ಞಾನೋಕ್ತಿಗಳು, ಯೋಬ, ಪ್ರಸಂಗಿ. ಇವು ಮೋಶೆಯ ಕಾನೂನಿನ ಪುಸ್ತಕಗಳ ಹಾಗೆ ಆಜ್ಞೆ ಕೊಡುವುದಿಲ್ಲ, ಪ್ರವಾದಿಗಳ ಹಾಗೆ 'ದೇವರು ಹೀಗೆ ಹೇಳಿದನು' ಅಂತ ಶುರುವಾಗುವುದೂ ಇಲ್ಲ. ಬದುಕನ್ನು ನೋಡಿ ನೋಡಿ ಹೇಳಿದ ಮಾತುಗಳಿವು. ಇಂಥ ಒಂದು ಮಾತಿಗೆ ಹೀಬ್ರೂವಿನಲ್ಲಿ 'ಮಾಶಾಲ್' ಅನ್ನುತ್ತಾರೆ. ನಮ್ಮ 'ಗಾದೆ' ಅದಕ್ಕೆ ಬಹಳ ಹತ್ತಿರ.

ಗಾದೆಯನ್ನು ಹೇಗೆ ಬಳಸಬೇಕು ಅಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ. 'ಕೈ ಕೆಸರಾದರೆ ಬಾಯಿ ಮೊಸರು' ಅಂತ ಹೇಳಿದವರ ಮೇಲೆ, ಕೈ ಕೆಸರಾಯಿತು ಮೊಸರು ಬರಲಿಲ್ಲ ಅಂತ ಯಾರೂ ಕೇಸು ಹಾಕುವುದಿಲ್ಲ. 'ಮಾತು ಬೆಳ್ಳಿ, ಮೌನ ಬಂಗಾರ' ಅಂದ ಬಾಯಿಂದಲೇ 'ಬಾಯಿದ್ದವನು ಬರಗಾಲದಲ್ಲೂ ಬದುಕಿದ' ಅಂತಲೂ ಅನ್ನುತ್ತೇವೆ. ಯಾವುದು ಎಲ್ಲಿಗೆ ಅಂತ ನಮಗೆ ಗೊತ್ತು. ಅದೇ ಮಾತು ಪವಿತ್ರ ಗ್ರಂಥದಲ್ಲಿ ಸಿಕ್ಕಿತೋ, ಈ ಬುದ್ಧಿಯನ್ನೆಲ್ಲ ಬಾಗಿಲ ಹೊರಗೆ ಬಿಟ್ಟು ಒಳಗೆ ಹೋಗುತ್ತೇವೆ. ನನ್ನ ಪ್ರಕಾರ ತಪ್ಪು ಓದಿಗೆ ಅರ್ಧ ಕಾರಣ ಇದೇ.

ಈಗ ವಚನವನ್ನು ಕಾಗದದ ಮೇಲೆ ಇಳಿಸಿ. ಫೋನಿನಲ್ಲಿ ಓದಿದರೆ ಆಗುವುದಿಲ್ಲ, ಕೈಯಲ್ಲೇ ಬರೆಯಿರಿ. ಮೂಲ ಹೀಗಿದೆ:

ಹನೋಖ್ ಲನ್ನಅರ್ ಅಲ್ ಪೀ ದರ್ಕೋ,
ಗಮ್ ಕೀ ಯಜ್ಕೀನ್ ಲೋ ಯಾಸೂರ್ ಮಿಮ್ಮೆನ್ನಾ.

ಹನ್ನೊಂದೇ ಪದ. ಇದೇ ವಚನದ ಯಾವುದಾದರೂ ಅನುವಾದದ ಪಕ್ಕ ಇಟ್ಟು ನೋಡಿ, ಅನುವಾದ ಎಷ್ಟು ಉದ್ದ ಇದೆ ಅಂತ. ಹೀಬ್ರೂ ಕಾವ್ಯ ಪದಗಳ ವಿಷಯದಲ್ಲಿ ಮಹಾ ಜಿಪುಣ. ನಡುವಿನ ಜಾಗವನ್ನು ಓದುಗನೇ ತುಂಬಿಕೊಳ್ಳಬೇಕು. ಅನುವಾದಕರು ನಮ್ಮ ಪರವಾಗಿ ತುಂಬಿ ಕೊಟ್ಟಿರುತ್ತಾರೆ, ಅವರು ತುಂಬಿದ್ದು ಎಲ್ಲಿ ಅಂತ ಹುಡುಕುವುದೇ ನಿಮ್ಮ ಕೆಲಸ.

ಮೇಲೆ ಎರಡು ಸಾಲಾಗಿ ಒಡೆದದ್ದು ನನ್ನಿಷ್ಟಕ್ಕೆ ಅಲ್ಲ. ಹೀಬ್ರೂ ಪ್ರತಿಯಲ್ಲಿ 'ದರ್ಕೋ' ಪದದ ಕೆಳಗೆ ಮೇಲ್ಮುಖ ಬಾಣದ ತುದಿಯಂಥ ಒಂದು ಸಣ್ಣ ಗುರುತು ಇದೆ, ಹೆಸರು 'ಎತ್ನಹ್ತಾ', ಇಲ್ಲಿ ನಿಂತು ಉಸಿರು ತೆಗೆದುಕೋ ಅಂತ ಅರ್ಥ. ಹಳೆಯ ಬರಹದಲ್ಲಿ ಇದ್ದದ್ದು ವ್ಯಂಜನಗಳೇ. ಸ್ವರದ ಗುರುತು, ನಿಲುಗಡೆಯ ಗುರುತುಗಳನ್ನು ಮಸೊರೆಟರು ಎಂಬ ಯಹೂದಿ ವಿದ್ವಾಂಸರು ಎಷ್ಟೋ ಶತಮಾನ ಕಳೆದ ಮೇಲೆ ಸೇರಿಸಿದರು. ಇವತ್ತಿನ ವಿದ್ವತ್ ಆವೃತ್ತಿಗಳಿಗೆ ಆಧಾರವಾಗಿರುವ ಲೆನಿನ್‌ಗ್ರಾಡ್ ಹಸ್ತಪ್ರತಿಯನ್ನು ಬರೆದದ್ದು ಸುಮಾರು 1008ರಲ್ಲಿ. ಅಂದರೆ ಈ ಗುರುತುಗಳೂ ಒಂದು ರೀತಿಯಲ್ಲಿ ವ್ಯಾಖ್ಯಾನವೇ, ಆದರೆ ತುಂಬ ಹಳೆಯ, ತುಂಬ ಎಚ್ಚರದ ವ್ಯಾಖ್ಯಾನ. ಸುಮ್ನೆ ತಳ್ಳಿಹಾಕಬೇಡಿ.

ಎರಡು ಸಾಲು ಸಿಕ್ಕಿತು. ಅವುಗಳ ನಡುವೆ ಏನು ಸಂಬಂಧ? ಹೀಬ್ರೂ ಕಾವ್ಯದ ಜೀವ ಇರುವುದು ಇಲ್ಲೇ. ಪ್ರಾಸ ಅಲ್ಲಿ ಮುಖ್ಯವಲ್ಲ, ಒಂದು ಸಾಲಿನ ಪಕ್ಕ ಇನ್ನೊಂದು ಸಾಲು ಹೇಗೆ ನಿಂತಿದೆ ಅನ್ನುವುದು ಮುಖ್ಯ. 1753ರಲ್ಲಿ ರಾಬರ್ಟ್ ಲೌತ್ ಎಂಬ ಇಂಗ್ಲಿಷ್ ವಿದ್ವಾಂಸ ಇದನ್ನು ಮೂರು ಬಗೆಯಾಗಿ ವಿಂಗಡಿಸಿದ. ಒಂದೇ ಮಾತನ್ನು ಬೇರೆ ಪದದಲ್ಲಿ ಹೇಳುವುದು, ಎದುರು ಮಾತು ಹೇಳುವುದು, ಮೊದಲ ಮಾತನ್ನು ಮುಂದಕ್ಕೆ ಒಯ್ಯುವುದು. ಈ ವಿಂಗಡಣೆ ಒರಟು ಅಂತ ಆಮೇಲಿನವರು ಬಹಳ ಟೀಕೆ ಮಾಡಿದ್ದಾರೆ, ಎರಡನೇ ಸಾಲು ಯಾವಾಗಲೂ ಏನೋ ಒಂದು ಹೆಚ್ಚಿನದನ್ನು ಹೇಳುತ್ತದೆ ಅನ್ನುತ್ತಾರೆ. ಅದು ನಿಜ. ಆದರೂ ಶುರು ಮಾಡುವವರಿಗೆ ಲೌತ್‌ನ ವಿಂಗಡಣೆ ಸಾಕು.

ಇದು ಗೊತ್ತಿಲ್ಲದಿದ್ದರೆ ಎಂಥ ಎಡವಟ್ಟಾಗುತ್ತದೆ ನೋಡಿ. ಇದೇ ಪುಸ್ತಕದ 10:1ರಲ್ಲಿ, ಅಂದರೆ 10ನೇ ಅಧ್ಯಾಯದ 1ನೇ ವಚನದಲ್ಲಿ, 'ಜಾಣ ಮಗ ತಂದೆಗೆ ಸಂತೋಷ, ದಡ್ಡ ಮಗ ತಾಯಿಗೆ ದುಃಖ' ಅಂತಿದೆ. ಹಾಗಾದರೆ ಜಾಣ ಮಗನಿಂದ ತಾಯಿಗೆ ಖುಷಿ ಇಲ್ಲವಾ? ಇದೆ. ತಂದೆ ತಾಯಿ ಇಬ್ಬರನ್ನೂ ಎರಡು ಸಾಲಿಗೆ ಹಂಚಿದ್ದಾರೆ ಅಷ್ಟೇ. ಎರಡೂ ಸಾಲು ಸೇರಿ ಒಂದು ಮಾತು. ಒಂದೊಂದೇ ಸಾಲು ಹಿಡಿದುಕೊಂಡು, ತಂದೆಯ ಪಾತ್ರ ಇದು, ತಾಯಿಯ ಪಾತ್ರ ಅದು ಅಂತ ಗಂಟೆಗಟ್ಟಲೆ ಮಾತಾಡಿದರೆ ಅದು ವಚನದಿಂದ ಬಂದ ಮಾತಲ್ಲ.

ನನಗೆ ಬಹಳ ಇಷ್ಟವಾದದ್ದು 11:22. ಹಂದಿಯ ಮೂತಿಯಲ್ಲಿ ಬಂಗಾರದ ಮೂಗುತಿ, ವಿವೇಕ ಬಿಟ್ಟ ಸುಂದರಿ. ಮೂಲದಲ್ಲಿ 'ಹಾಗೆ' ಅನ್ನುವ ಪದವೇ ಇಲ್ಲ! ಎರಡು ಚಿತ್ರ ಪಕ್ಕಪಕ್ಕ ಇಟ್ಟು ಕವಿ ಎದ್ದು ಹೋಗಿದ್ದಾನೆ. ಮೊದಲ ಸಾಲು ಕೇಳಿ ನಗುತ್ತೀರಿ, ಎರಡನೆಯದು ಬಂದಾಗ ನಗು ಅರ್ಧಕ್ಕೇ ನಿಲ್ಲುತ್ತದೆ. ಅನುವಾದದಲ್ಲಿ 'ಹಾಗೆ' ಸೇರಿಸಿದ ಕೂಡಲೇ ಆ ಗಮ್ಮತ್ತು ಅರ್ಧ ಹೋಯಿತು.

ನಮ್ಮ 22:6ರಲ್ಲಿ ಎದುರು ಮಾತಿಲ್ಲ, ಒಂದನ್ನೇ ಎರಡು ಸಲ ಹೇಳಿಯೂ ಇಲ್ಲ. ಮೊದಲ ಸಾಲು ಹುಡುಗನ ವಯಸ್ಸಿನದು, ಎರಡನೆಯದು ಮುದುಕನ ವಯಸ್ಸಿನದು. ಶುರು ಮತ್ತು ಕೊನೆ. 'ಯಜ್ಕೀನ್' ಅಂದರೆ ವಯಸ್ಸಾಗು, 'ಜಾಕಾನ್' ಅಂದರೆ ಗಡ್ಡ, ಎರಡೂ ಒಂದೇ ಮೂರು ವ್ಯಂಜನದ್ದು. ಹೀಬ್ರೂ ಕಿವಿಗೆ ಇಲ್ಲಿ ಗಡ್ಡದ ನೆರಳು ಸ್ವಲ್ಪ ಬಿದ್ದಿರಲೂಬಹುದು.

ಆಮೇಲೆ ಪದಗಳು. ಹನ್ನೊಂದನ್ನೂ ಅಗೆಯಬೇಡಿ, ಸುಸ್ತಾಗುತ್ತದೆ. ಎರಡು ಮೂರು ಅನುವಾದ ಪಕ್ಕದಲ್ಲಿಟ್ಟು, ಅವು ಎಲ್ಲಿ ಬೇರೆ ಬೇರೆ ಹೇಳುತ್ತವೋ ಅಲ್ಲಿ ಮಾತ್ರ ಅಗೆಯಿರಿ. ಇಲ್ಲಿ ಅಂಥ ಜಾಗ ಮೂರು: ಹನೋಖ್, ನಅರ್, ದರ್ಕೋ.

ಬೈಬಲ್ಲಿನ ಮೂಲ ಪದಗಳಿಗೆ ಒಂದೊಂದು ನಂಬರು ಕೊಟ್ಟಿರುವ ಸ್ಟ್ರಾಂಗ್ ಪದಕೋಶದಲ್ಲಿ ಹನೋಖ್‌ನ ಧಾತುವಿಗೆ 2596ನೇ ನಂಬರು. ನಂಬರು ಒತ್ತಿದರೆ ಈ ಕ್ರಿಯಾಪದ ಬರುವ ಬೇರೆ ಜಾಗಗಳು ಕಾಣುತ್ತವೆ. ಬೆರಳೆಣಿಕೆಯಷ್ಟು. ಧರ್ಮೋಪದೇಶಕಾಂಡ 20:5ರಲ್ಲಿ ಯುದ್ಧಕ್ಕೆ ಮುಂಚೆ ಅಧಿಕಾರಿಗಳು ಸೈನಿಕರಿಗೆ ಹೇಳುತ್ತಾರೆ: ಯಾರಾದರೂ ಹೊಸ ಮನೆ ಕಟ್ಟಿ ಇನ್ನೂ ಅದನ್ನು 'ಹನಖ್' ಮಾಡಿಲ್ಲವೋ, ಅವನು ಮನೆಗೆ ಹೋಗಲಿ. 1 ಅರಸುಗಳು 8:63ರಲ್ಲಿ ಅರಸ ಸೊಲೊಮೋನ ಮತ್ತು ಇಸ್ರಾಯೇಲರು ದೇವಾಲಯವನ್ನು 'ಹನಖ್' ಮಾಡುತ್ತಾರೆ. 2 ಪೂರ್ವಕಾಲವೃತ್ತಾಂತ 7:5ರಲ್ಲಿ ಮತ್ತೆ ಅದೇ ದೇವಾಲಯ. ಕ್ರಿ.ಪೂ. 164ರಲ್ಲಿ ಯೆರೂಸಲೇಮಿನ ದೇವಾಲಯವನ್ನು ಮತ್ತೆ ಶುದ್ಧಮಾಡಿ ಆರಂಭಿಸಿದ್ದರ ನೆನಪಿನ ಹಬ್ಬ ಹನುಕ್ಕಾ ಇದೆಯಲ್ಲ, ಅದರ ಹೆಸರೂ ಇದೇ ಬೇರಿನದು. ಅಂದರೆ ಒಟ್ಟಾರೆ ಅರ್ಥ 'ಆರಂಭ ಮಾಡಿಕೊಡು', 'ಬಳಕೆಗೆ ತೆಗೆದುಕೊ'. ಇವತ್ತಿನ ಹೀಬ್ರೂವಿನಲ್ಲಿ ಶಿಕ್ಷಣಕ್ಕೆ 'ಹಿನ್ನೂಖ್' ಅನ್ನುತ್ತಾರೆ ನಿಜ, ಆದರೆ ಇವತ್ತಿನ ಅರ್ಥವನ್ನು ಹಿಂದಕ್ಕೆ ಒಯ್ದು ಹಳೆಯ ವಚನಕ್ಕೆ ತುರುಕಬಾರದು.

ಒಂದು ಎಚ್ಚರಿಕೆ. ಈ ಪದದ ಬಗ್ಗೆ ಚರ್ಚಿನ ಪ್ರಸಂಗಗಳಲ್ಲಿ ಒಂದು ಕಥೆ ಓಡಾಡುತ್ತದೆ. ಅಂಗುಳಕ್ಕೆ ಹೀಬ್ರೂವಿನಲ್ಲಿ 'ಹೇಖ್' ಅನ್ನುತ್ತಾರೆ, ಸೂಲಗಿತ್ತಿಯರು ಮಗುವಿನ ಅಂಗುಳಕ್ಕೆ ಖರ್ಜೂರದ ರಸ ಸವರುತ್ತಿದ್ದರು, ಅದಕ್ಕೇ ಹನಖ್ ಅಂದರೆ ರುಚಿ ಹತ್ತಿಸುವುದು, ಅಂತ. ಕಥೆ ಸೊಗಸಾಗಿದೆ. ಅರಬ್ಬಿಯಲ್ಲಿ ಇದಕ್ಕೆ ಹೋಲುವ ಪದವೂ ಇದೆ. ಆದರೆ ಬೈಬಲ್ಲಿನಲ್ಲಿ ಈ ಕ್ರಿಯಾಪದ ಒಮ್ಮೆಯೂ ಆ ಅರ್ಥದಲ್ಲಿ ಬಂದಿಲ್ಲ. ಪದಕ್ಕೆ ಅರ್ಥ ಕೊಡುವುದು ಅದರ ಬಳಕೆ. ಬೇರು ಎಲ್ಲಿಂದ ಬಂತು ಅನ್ನುವುದರಿಂದ ಅರ್ಥ ಸಿಗುವುದು ಕಡಿಮೆ. ಹಾಗೇ 'ಪೀ' ಅಂದರೆ ಬಾಯಿ ಅಂತ ಪದಕೋಶದಲ್ಲಿ ನೋಡಿ, ಓಹೋ ಮಗುವಿನ ಬಾಯಿ ಅಂತ ಹಾರಬೇಡಿ. 'ಅಲ್ ಪೀ' ಎರಡೂ ಸೇರಿದರೆ 'ತಕ್ಕಂತೆ, ಪ್ರಕಾರ' ಅಂತ ಅರ್ಥ. ಇಬ್ಬರು ಸಾಕ್ಷಿಗಳ ಮಾತಿನ ಪ್ರಕಾರ ಅನ್ನಲು ಧರ್ಮೋಪದೇಶಕಾಂಡ 17:6ರಲ್ಲಿ ಇದೇ ನುಡಿಗಟ್ಟು ಬರುತ್ತದೆ.

ನಅರ್ ಅಂದರೆ ಮಗುವಾ, ಹುಡುಗನಾ? ಬುಟ್ಟಿಯಲ್ಲಿ ಅಳುತ್ತಿದ್ದ ಮೋಶೆಯೂ ನಅರ್, 17 ವರ್ಷದ ಯೋಸೇಫನೂ ನಅರ್. ಇಷ್ಟು ಅಗಲದ ಪದ ಬಂದರೆ ಅದೇ ಪುಸ್ತಕದೊಳಗೆ ಹೇಗೆ ಬಳಸಿದ್ದಾರೆ ನೋಡಿ. ಜ್ಞಾನೋಕ್ತಿಗಳು 1:4ರಲ್ಲಿ ಈ ಪುಸ್ತಕವನ್ನು ಬರೆದಿರುವುದೇ ನಅರ್‌ಗೆ ತಿಳಿವಳಿಕೆ ಕೊಡಲು ಅಂತಿದೆ. 7:7ರಲ್ಲಿ ಸಂಜೆಗತ್ತಲಲ್ಲಿ ಪರಸ್ತ್ರೀಯ ಮನೆ ಕಡೆ ಹೆಜ್ಜೆ ಹಾಕುವ ಬುದ್ಧಿಗೇಡಿ ಒಬ್ಬ ಬರುತ್ತಾನೆ, ಅವನೂ ನಅರ್. ಅವನಂತೂ ತೊಟ್ಟಿಲ ಕೂಸಲ್ಲ! ಹಾಗಾಗಿ ನಾನು ಇಲ್ಲಿ 'ಹುಡುಗ' ಅಂತಲೇ ಓದುತ್ತೇನೆ, ಸ್ವಂತ ಬುದ್ಧಿ ಓಡಿಸಲು ಶುರು ಮಾಡಿದ ವಯಸ್ಸಿನವನು.

ಇನ್ನು ದರ್ಕೋ. ಇಡೀ ವಚನದ ಗಂಟು ಇದು. 'ದೆರೆಖ್' ಅಂದರೆ ದಾರಿ, ಕೊನೆಯ 'ಓ' ಅಂದರೆ ಅವನ. 'ಅವನ ದಾರಿ'. ಅಷ್ಟೇ! 'ನಡೆಯಬೇಕಾದ' ಅನ್ನುವುದು ಮೂಲದಲ್ಲಿ ಇಲ್ಲವೇ ಇಲ್ಲ. ನಾನು ಇದನ್ನು ಮೊದಲ ಸಲ ಗಮನಿಸಿದಾಗ ಆ್ಯಪ್ ಕೆಟ್ಟಿದೆ ಅಂದುಕೊಂಡು ಇನ್ನೊಂದರಲ್ಲಿ ನೋಡಿದೆ. ಅಲ್ಲೂ ಇರಲಿಲ್ಲ.

ಅವನ ದಾರಿ ಅಂದರೆ ಯಾವ ದಾರಿ? ಮೂರು ಓದು ಸಾಧ್ಯ, ಮೂರಕ್ಕೂ ಹಿಂದೆ ದೊಡ್ಡ ದೊಡ್ಡವರು ನಿಂತಿದ್ದಾರೆ.

ಒಂದು, ಅವನು ಹೋಗಬೇಕಾದ ಸರಿದಾರಿ. ಬಹುತೇಕ ಅನುವಾದಗಳು ಹಿಡಿದಿರುವುದು ಇದನ್ನು. ಈ ಪುಸ್ತಕಕ್ಕೆ ದಾರಿಗಳೆಂದರೆ ಮುಖ್ಯವಾಗಿ ಎರಡೇ, ಜಾಣರದ್ದು ಮತ್ತು ಮೂರ್ಖರದ್ದು, ಹಾಗಾಗಿ ಕಲಿಸು ಅಂದಮೇಲೆ ಮೊದಲನೆಯದನ್ನೇ ಕಲಿಸಬೇಕಲ್ಲ ಅನ್ನುವುದು ವಾದ.

ಎರಡು, ಅವನ ಸ್ವಭಾವ. ದೆರೆಖ್‌ಗೆ ರೀತಿ ಅನ್ನುವ ಅರ್ಥವೂ ಉಂಟು. 30:19ರಲ್ಲಿ ಆಕಾಶದಲ್ಲಿ ಹದ್ದಿನ ದಾರಿ, ಬಂಡೆಯ ಮೇಲೆ ಹಾವಿನ ದಾರಿ, ಸಮುದ್ರದ ನಡುವೆ ಹಡಗಿನ ದಾರಿ ಅಂತ ಬರುತ್ತದೆ, ಅಲ್ಲಿ ದಾರಿ ಅಂದರೆ ಅದು ಅದು ಚಲಿಸುವ ಬಗೆ. ಯಹೂದಿ ಪರಂಪರೆಯಲ್ಲಿ ಈ ಓದಿಗೆ ಬಹಳ ಬೆಲೆ. 19ನೇ ಶತಮಾನದ ಜರ್ಮನಿಯ ರಬ್ಬಿ (ಯಹೂದಿ ಧರ್ಮಗುರು) ಸ್ಯಾಮ್ಸನ್ ರಫಾಯೆಲ್ ಹಿರ್ಷ್ ಇದೇ ವಚನ ಹಿಡಿದು, ಏಸಾವ ಯಾಕೋಬ ಎಂಬ ಅವಳಿಗಳ ತಂದೆತಾಯಿ ಇಸಾಕ ರೆಬೆಕ್ಕರನ್ನೇ ತರಾಟೆಗೆ ತೆಗೆದುಕೊಂಡರು. ಬೇಟೆಗಾರ ಏಸಾವ, ಗುಡಾರದಲ್ಲಿ ಕೂರುವ ಯಾಕೋಬ, ಇಬ್ಬರ ಸ್ವಭಾವವೂ ಬೇರೆ. ಇಬ್ಬರಿಗೂ ಒಂದೇ ಪಾಠ, ಒಂದೇ ಬೆಂಚು ಅಂತ ಮಾಡಿದ್ದೇ ತಪ್ಪು ಅಂತ. ತಮ್ಮ ಜನಾಂಗದ ಮೂಲಪುರುಷರ ಮೇಲೆ ಹೀಗೆ ಬರೆಯಲು ಧೈರ್ಯ ಬೇಕು.

ಮೂರು, ಎಚ್ಚರಿಕೆ. ಹುಡುಗನನ್ನು ಅವನ ಇಷ್ಟದ ದಾರಿಗೇ ಬಿಟ್ಟು ನೋಡು, ಮುದುಕನಾದರೂ ಅದನ್ನು ಬಿಡುವುದಿಲ್ಲ! ಆಜ್ಞೆಯ ರೂಪದಲ್ಲಿ ವ್ಯಂಗ್ಯ. ಇದು ಅತಿಯಾಯಿತು ಅನ್ನಿಸಬಹುದು. ಆದರೆ ಆಮೋಸ 4:4ರಲ್ಲಿ, ಜನ ಆರಾಧನೆಗೆ ಹೋಗುತ್ತಿದ್ದ ಊರಾದ ಬೇತೇಲನ್ನು ಹಿಡಿದು 'ಬೇತೇಲಿಗೆ ಬಂದು ದ್ರೋಹ ಮಾಡಿ' ಅಂತ ಪ್ರವಾದಿ ಕರೆಯುವುದೂ ಇದೇ ಧಾಟಿ. ಮೇಲಾಗಿ ಈ ಪುಸ್ತಕಕ್ಕೆ ಮನುಷ್ಯನ 'ಸ್ವಂತ ದಾರಿ'ಯ ಮೇಲೆ ಅಷ್ಟೇನೂ ನಂಬಿಕೆ ಇಲ್ಲ. 14:12ರಲ್ಲಿ, ಮತ್ತೆ 16:25ರಲ್ಲಿ, ಮನುಷ್ಯನಿಗೆ ಸರಿ ಅಂತ ಕಾಣುವ ದಾರಿಯ ಕೊನೆ ಸಾವು ಅಂತ ಎರಡೆರಡು ಸಲ ಹೇಳುತ್ತದೆ.

ಯಾವುದನ್ನು ಆರಿಸುವುದು? ಈಗ ಅಕ್ಕಪಕ್ಕದ ವಚನಗಳನ್ನು ವಿಚಾರಿಸಿ. ಹಿಂದಿನ 22:5ರಲ್ಲಿ ವಕ್ರ ಮನುಷ್ಯನ ದಾರಿಯಲ್ಲಿ ಮುಳ್ಳು, ಉರುಲು ಅಂತಿದೆ. ಅಲ್ಲೂ 'ದೆರೆಖ್' ಇದೆ. 22:15ರಲ್ಲಿ ನಅರ್‌ನ ಹೃದಯಕ್ಕೆ ಮೂರ್ಖತನ ಗಂಟುಬಿದ್ದಿದೆ, ಶಿಸ್ತಿನ ಕೋಲು ಅದನ್ನು ದೂರ ಓಡಿಸುತ್ತದೆ ಅಂತಿದೆ. ಹುಡುಗನ ಸ್ವಭಾವವನ್ನು ಪೋಷಿಸು ಅನ್ನುವ ಎರಡನೇ ಓದಿಗೆ ಈ ನೆರೆಹೊರೆ ಅಷ್ಟೊಂದು ಸಹಾಯ ಮಾಡುವುದಿಲ್ಲ. ನನಗೆ ಬೇಜಾರೇ ಆಯಿತು, ಯಾಕೆಂದರೆ ನನಗೆ ಇಷ್ಟವಾಗಿದ್ದದ್ದು ಅದೇ ಓದು.

ಆದರೆ ನೆರೆಹೊರೆಯನ್ನು ಜಾಸ್ತಿ ನಂಬುವ ಹಾಗೂ ಇಲ್ಲ. 10:1ರಿಂದ 22:16ರವರೆಗಿನದು ಬಿಡಿ ಮಾತುಗಳ ಸಂಗ್ರಹ, ಕಥೆಯ ಹಾಗೆ ಒಂದರಿಂದ ಒಂದು ಹುಟ್ಟುವುದಿಲ್ಲ. ಅಲ್ಲಿರುವ ವಚನಗಳು 375. ಹೀಬ್ರೂವಿನಲ್ಲಿ ಅಕ್ಷರಗಳು ಅಂಕಿಗಳೂ ಹೌದು. ಈ ಸಂಗ್ರಹದ ತಲೆಬರಹದಲ್ಲಿರುವ ಸೊಲೊಮೋನನ ಹೀಬ್ರೂ ಹೆಸರಿನ ಅಕ್ಷರಗಳ ಬೆಲೆ ಕೂಡಿಸಿದರೂ 375. ಯಾರೋ ಎಣಿಸಿ ಜೋಡಿಸಿದ್ದಾರೆ. 22:17ರಿಂದ ಧಾಟಿಯೇ ಬದಲಾಗುತ್ತದೆ, ಈಜಿಪ್ಟಿನ ಅಮೆನೆಮೋಪೆಯ ಉಪದೇಶ ಎಂಬ ಹಳೆಯ ಬರಹಕ್ಕೆ ಬಹಳ ಹತ್ತಿರವಾಗುತ್ತದೆ. ಆ ಪಪೈರಸ್ ಬ್ರಿಟಿಷ್ ಮ್ಯೂಸಿಯಂನಲ್ಲಿದೆ, 1923ರಲ್ಲಿ ಪ್ರಕಟವಾಯಿತು, ಮರುವರ್ಷವೇ ಜರ್ಮನಿಯ ಈಜಿಪ್ಟ್ ವಿದ್ವಾಂಸ ಅಡಾಲ್ಫ್ ಎರ್ಮನ್ ಎರಡರ ಹೋಲಿಕೆ ತೋರಿಸಿದ. ಅದರಲ್ಲಿ 30 ಅಧ್ಯಾಯ. ಅರ್ಥವೇ ಆಗದೆ ಕಾಡುತ್ತಿದ್ದ 22:20ರ ಒಂದು ಹೀಬ್ರೂ ಪದಕ್ಕೆ ಸ್ವರ ಬದಲಿಸಿ ಓದಿದರೆ 'ಮೂವತ್ತು' ಅಂತಾಗುತ್ತದೆ. ಇವತ್ತು ಎಷ್ಟೋ ಅನುವಾದಗಳು 'ಮೂವತ್ತು ಮಾತುಗಳು' ಅಂತಲೇ ಬರೆಯುತ್ತವೆ. ಹಾಗಾಗಿ ನಿಮ್ಮ ವಚನ ಯಾವ ಸಂಗ್ರಹದ್ದು ಅಂತ ಒಮ್ಮೆ ನೋಡಿಕೊಳ್ಳಿ. ಅಧ್ಯಾಯದ ನಂಬರು ನಂಬಬೇಡಿ, ಅದು 13ನೇ ಶತಮಾನದ್ದು.

ಕೊನೆಯ ಪರೀಕ್ಷೆ ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯ. ನಿಮ್ಮ ಅರ್ಥವನ್ನು ಒಯ್ದು ಅದೇ ಪುಸ್ತಕದ ಬೇರೆ ಮಾತುಗಳ ಮುಂದೆ, ಅದೇ ಕಪಾಟಿನ ಬೇರೆ ಪುಸ್ತಕಗಳ ಮುಂದೆ ಇಡಿ. 10:4ರಲ್ಲಿ ಚುರುಕಿನ ಕೈ ಹಣ ತರುತ್ತದೆ ಅಂತಿದೆ. ಸರಿ. ಆದರೆ 13:23ರಲ್ಲಿ ಬಡವನ ಹೊಲ ಚೆನ್ನಾಗಿ ಬೆಳೆದರೂ ಅನ್ಯಾಯ ಅದನ್ನು ಬಳಿದುಕೊಂಡು ಹೋಗುತ್ತದೆ ಅಂತಲೂ ಇದೆ. 26:4 ಮೂರ್ಖನಿಗೆ ಅವನ ಮೂರ್ಖತನಕ್ಕೆ ತಕ್ಕಂತೆ ಉತ್ತರ ಕೊಡಬೇಡ ಅನ್ನುತ್ತದೆ, 26:5 ಕೊಡು ಅನ್ನುತ್ತದೆ. ಈ ಜಗಳದ ಕಾರಣಕ್ಕೇ ಇಡೀ ಪುಸ್ತಕವನ್ನು ಬಳಕೆಯಿಂದ ತೆಗೆದಿಡುವ ಮಾತು ಬಂದಿತ್ತು ಅಂತ ರಬ್ಬಿಗಳ ಚರ್ಚೆಗಳ ಹಳೆಯ ಸಂಗ್ರಹವಾದ ತಾಲ್ಮುದ್ ಹೇಳುತ್ತದೆ. ಒಂದು ಧರ್ಮಶಾಸ್ತ್ರದ ವಿಷಯಕ್ಕೆ, ಇನ್ನೊಂದು ಲೋಕದ ಮಾತಿಗೆ ಅಂತ ರಬ್ಬಿಗಳು ಬಗೆಹರಿಸಿದರು. ನಾವು ಗಾದೆಗೆ ಮಾಡುವುದನ್ನೇ ಅವರೂ ಮಾಡಿದ್ದು.

ಇನ್ನು ಯೋಬನ ಕಥೆ. ಮಕ್ಕಳು, ಆಸ್ತಿ, ಆರೋಗ್ಯ ಎಲ್ಲ ಕಳೆದುಕೊಂಡು ಬೂದಿಯಲ್ಲಿ ಕೂತವನ ಎದುರು ಮೂವರು ಗೆಳೆಯರು ಪಾಳಿ ಪ್ರಕಾರ ಜ್ಞಾನದ ಮಾತು ಹೇಳುತ್ತಾರೆ. ಒಳ್ಳೆಯವರಿಗೆ ಒಳ್ಳೆಯದು, ಕೆಟ್ಟವರಿಗೆ ಕೆಟ್ಟದ್ದು, ನಿನಗೆ ಕೆಟ್ಟದ್ದಾಗಿದೆ, ಹಾಗಾದರೆ ನೀನು? ಅವರ ಸಾಲುಗಳನ್ನು ಬಿಡಿಯಾಗಿ ಎತ್ತಿಕೊಂಡರೆ ಎಷ್ಟೋ ಜ್ಞಾನೋಕ್ತಿಗಳ ಹಾಗೇ ಕಾಣುತ್ತವೆ. ಕೊನೆಗೆ 42:7ರಲ್ಲಿ ದೇವರು ಆ ಮೂವರಲ್ಲಿ ಒಬ್ಬನಾದ ಎಲೀಫಜನಿಗೆ ನೇರವಾಗಿ ಹೇಳುತ್ತಾನೆ: ನೀನೂ ನಿನ್ನ ಇಬ್ಬರು ಗೆಳೆಯರೂ ನನ್ನ ವಿಷಯದಲ್ಲಿ ಸರಿಯಾಗಿ ಮಾತಾಡಲಿಲ್ಲ. ಯಾವತ್ತಾದರೂ ವಚನ ಒಂದನ್ನು ಹಿಡಿದುಕೊಂಡು ಯಾರದ್ದಾದರೂ ಮನೆಗೆ ಹೊರಟರೆ, ಆ ಅಧ್ಯಾಯ ಓದಿ ಹೊರಡಿ.

ಇಷ್ಟಾದ ಮೇಲೆ ಸ್ವಂತ ಅನುವಾದ ಬರೆಯಿರಿ. ಚಿಕ್ಕದಾಗಿರಲಿ, ಮೂಲದಲ್ಲಿ ಗಂಟು ಇರುವ ಕಡೆ ನಿಮ್ಮದರಲ್ಲೂ ಗಂಟು ಹಾಗೇ ಇರಲಿ. ನನ್ನ ಮೊದಲ ಮೂರು ಪ್ರಯತ್ನ ಹರಿದುಹಾಕಿದೆ. 'ಶಿಕ್ಷಿಸು' ಅಂತ ಬರೆದರೆ ಕನ್ನಡದಲ್ಲಿ ಬೆತ್ತ ಕಾಣುತ್ತದೆ, 'ತರಬೇತಿ ಕೊಡು' ಅಂದರೆ ಆಫೀಸಿನ ವಾಸನೆ. ಆಮೇಲೆ 'ಹಚ್ಚು' ನೆನಪಾಯಿತು. ದಾರಿಗೆ ಹಚ್ಚುತ್ತೇವೆ, ಕೆಲಸಕ್ಕೆ ಹಚ್ಚುತ್ತೇವೆ, ದೀಪವನ್ನೂ ಹಚ್ಚುತ್ತೇವೆ. ಹನೋಖ್‌ನ ಆರಂಭದ ಅರ್ಥ ಪುಕ್ಕಟೆಯಾಗಿ ಬಂತು.

ಹುಡುಗನನ್ನು ಅವನ ದಾರಿಗೆ ಹಚ್ಚು,
ಗಡ್ಡ ನೆರೆತರೂ ಅದನ್ನು ಬಿಡಲಿಕ್ಕಿಲ್ಲ.

'ಬಿಡಲಾರ' ಅಂತ ಬರೆದು, ಹೊಡೆದುಹಾಕಿ, 'ಬಿಡಲಿಕ್ಕಿಲ್ಲ' ಅಂತ ಮಾಡಿದೆ. ಮೂಲದ 'ಲೋ ಯಾಸೂರ್' ಇದಕ್ಕಿಂತ ಖಡಾಖಂಡಿತವಾಗಿದೆ, ವ್ಯಾಕರಣದ ಪ್ರಕಾರ 'ಬಿಡುವುದಿಲ್ಲ' ಅಂತಲೇ ಆಗಬೇಕು. ಗಾದೆಗಳು ಮಾತಾಡುವುದೇ ಹಾಗೆ, ಜೋರಾಗಿ. ನಾನು ಸ್ವಲ್ಪ ದನಿ ತಗ್ಗಿಸಿದ್ದೇನೆ. ಅದು ನಾನು ತುಂಬಿದ ಜಾಗ, ಆ ತಾಯಿಯ ಮುಖ ನೆನಪಿದ್ದದ್ದರಿಂದ. ಅಂಚಿನಲ್ಲಿ ಪೆನ್ಸಿಲ್ಲಿನಿಂದ ಹಾಗಂತ ಬರೆದೂ ಇಟ್ಟಿದ್ದೇನೆ.